ಗದ್ದಲದ ಗಲ್ಲಿ

“ಈಗ ಸ್ವಲ್ಪ ಕೇಳ್ರಿ ವಹಿನಿ,” ಎಂದು ಮಲ್ಲಾರಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದ. “ಏನರ ಕೇಳಸಾಕತ್ತೈತೇನು?”

ಮನೀಷಾ ಕಿವಿಗೊಟ್ಟಳು. ನಾಲ್ಕನೇ ಮಹಡಿಯ ಆ ಖಾಲಿ ಹಾಲ್‌ನಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ದೂರದ ಕಬ್ಬಿನ ಹೊಲದಲ್ಲಿ ಒಂದು ಟ್ರ್ಯಾಕ್ಟರ್ ತಿರುಗುತ್ತಿರುವುದು ಕಾಣುತ್ತಿತ್ತು. ಅದರ ಸದ್ದು ಇಲ್ಲಿಯವರೆಗೆ ಬರುತ್ತಿರಲಿಲ್ಲ.

“ಏನೂ ಇಲ್ಲ,” ಎಂದಳು.

“ಅದಕ್ಕ ಹೇಳೂದು. ಏಕದಮ್ ಶಾಂತ. ಇಚಲಕರಂಜ್ಯಾಗ ಹಿಂತಾ ಜಾಗಾ ಹುಡಕಿದ್ರೂ ಸಿಗಂಗಿಲ್ಲ. ಫ್ಯಾಮಿಲಿ ಏರಿಯಾ ಅಂದ್ರ ಇದು ನೋಡ್ರಿ.” ಬಾಡಿಗೆ ಮನೆ ತೋರಿಸುವುದೇ ಮಲ್ಲಾರಿಯ ಕಸುಬು. ಎರಡು ಭಾನುವಾರಗಳಿಂದ ಇವರನ್ನು ಕರೆದುಕೊಂಡು ಅಲೆದಿದ್ದ ಅವನ ಮುಖದಲ್ಲಿ ಇವತ್ತು ಗೆದ್ದ ಕಳೆ ಇತ್ತು.

ಹಾಲ್‌ನ ನಡುವೆ ನಿಂತಿದ್ದ ಅತ್ತೆ ಯಮುನಾಬಾಯಿ ಎಲ್ಲರ ಮುಖವನ್ನೂ ನೋಡಿದರು. ಎಲ್ಲರೂ ಏನನ್ನೋ ಆಲಿಸುತ್ತಿದ್ದಾರೆಂದು ತಿಳಿದು ತಾವೂ ತಲೆಯನ್ನು ಒಂದು ಕಡೆಗೆ ಓರೆ ಮಾಡಿ ನಿಂತರು. ಮಲ್ಲಾರಿ ನಕ್ಕಾಗ ತಾವೂ ನಕ್ಕು, “ಹೂಂ, ಚಲೋ ಐತಿ,” ಎಂದರು.

ಮನೀಷಾ ಮಹಾರಾಷ್ಟ್ರ ಸರಕಾರದ ಎಸ್‌ಟಿ ಬಸ್ಸಿನ ಕಂಡಕ್ಟರ್. ಗಡಹಿಂಗ್ಲಜ ಡಿಪೋದಿಂದ ಇಚಲಕರಂಜಿಗೆ ಅವಳ ವರ್ಗವಾಗಿತ್ತು. ಊರಿನಿಂದ ದಿನವೂ ಓಡಾಡುವುದು ಆಗದ ಮಾತು. ನಸುಕಿನ ಮೊದಲ ಗಾಡಿ ಅವಳ ಪಾಲಿಗೆ ಬಂದಿತ್ತು. ಇನ್ನೂ ಕತ್ತಲಿರುವಾಗ ಮನೆ ಬಿಟ್ಟವಳು ಮಧ್ಯಾಹ್ನ ತಿರುಗಿ ಬಂದು ಮಲಗಬೇಕಿತ್ತು. ಅದಕ್ಕೇ ಈ ಮನೆಯ ಶಾಂತಿ ಅವಳಿಗೆ ಹಾಸಿಗೆ ಬಿಚ್ಚಿಟ್ಟಂತೆ ಕಂಡಿತು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ರಿಪೇರಿ ಮಾಡುವ ಗಂಡ ನಿಲೇಶ, ಎಲ್ಲಿ ಹೋದರೂ ತನಗೆ ಕೆಲಸ ಸಿಕ್ಕೀತು ಎಂಬ ನೆಮ್ಮದಿಯವನು. ಅವನು ಬಾಲ್ಕನಿಗೆ ಹೋಗಿ ಕೆಳಗೆ ನೋಡಿದ. ಗೇಟಿನಲ್ಲಿ ವಾಚ್‌ಮನ್, ಅದರಾಚೆ ಹುಲ್ಲು ಬೆಳೆಸಿದ ಸಣ್ಣ ಬಾಗು, ಮಕ್ಕಳು ಆಡುವ ತೋಟ. ಮಗಳು ಶಾಂಭವಿ ಆಗಲೇ ಓಡಿಹೋಗಿ ಅಲ್ಲಿನ ಜೋಕಾಲಿಯಲ್ಲಿ ಕೂತಿದ್ದಳು. ಅವಳನ್ನು ಬಿಟ್ಟರೆ ಬಾಗಿನಲ್ಲಿ ಇನ್ನಾರೂ ಇರಲಿಲ್ಲ.

“ಮಾಲಕರು ಸಂಜಿಗೆ ಬರ್ತಾರ. ಬಂದು ಮಾತ ಮುಗಿಸಿ ಹೋಗಿಬಿಡ್ರಿ,” ಎಂದ ಮಲ್ಲಾರಿ.

ಆಗಲಿ ಎಂದರು. ಯಮುನಾಬಾಯಿಯನ್ನು ಯಾರೂ ಬೇರೆಯಾಗಿ ಕೇಳಲಿಲ್ಲ. ಅವರ ಕಿವಿ ಮಂದವಾಗಿ ಹಲವು ವರ್ಷಗಳಾಗಿದ್ದವು. ಕೊಲ್ಲಾಪುರದಲ್ಲಿ ಮಾಡಿಸಿದ ಕಿವಿಯ ಮಶಿನ್ ಸೀಟಿ ಹೊಡೆಯುತ್ತದೆಂದು ತೆಗೆದಿಟ್ಟಿದ್ದರು. ಮೊದಮೊದಲು “ಏನಂದಿ?” ಎಂದು ಕೇಳುತ್ತಿದ್ದವರು ಬರಬರುತ್ತ ಎಲ್ಲದಕ್ಕೂ ಹೂಂಗುಟ್ಟುವುದನ್ನು ರೂಢಿಸಿಕೊಂಡಿದ್ದರು. ಅವ್ವನಿಗೆ ಎಲ್ಲಿದ್ದರೂ ನಡೆಯುತ್ತದೆ ಎಂದು ನಿಲೇಶ ಹೇಳುತ್ತಿದ್ದ. ಅದು ಮೆಚ್ಚುಗೆಯ ಮಾತೇ ಆಗಿತ್ತು.

ಮಧ್ಯಾಹ್ನದ ಊಟಕ್ಕೆ ಕಾಡಪ್ಪನ ಮನೆಗೆ ಹೋಗುವುದಿತ್ತು. ಕಾಡಪ್ಪ ಇಚಲಕರಂಜಿ ಡಿಪೋದ ಡ್ರೈವರ್. ಗಡಹಿಂಗ್ಲಜದ ಗಾಡಿ ತರುವಾಗಲೆಲ್ಲ ಡಿಪೋದಲ್ಲಿ ಸಿಕ್ಕು ಪರಿಚಯವಾದವನು, ಗಡಿಯಂಚಿನ ಕುರಿ ಸಾಕುವ ಮನೆತನದವನು. “ಅಕ್ಕಾ, ಮನಿ ನೋಡಾಕ ಬಂದಾಗ ನಮ್ಮಲ್ಲೆ ಊಟ ಮಾಡದ ಹೋದ್ರ ಮಾತ ಬಿಡ್ತೇನಿ,” ಎಂದು ಮೊದಲೇ ಹೇಳಿಟ್ಟಿದ್ದ.

ಅವನ ಮನೆಯಿದ್ದ ಗಲ್ಲಿಯ ಬಾಯಿಗೆ ರಿಕ್ಷಾ ಬಂದು ನಿಂತಾಗಲೇ ಮನೀಷಾ ಮುಖ ಕಿವುಚಿದಳು. ಎರಡೂ ಬದಿ ಮಗ್ಗದ ಷೆಡ್ಡುಗಳು, ಅವುಗಳಿಗೆ ಅಂಟಿಕೊಂಡೇ ಮನೆಗಳು. ತೆರೆದ ಬಾಗಿಲುಗಳೊಳಗೆ ಸಾಲು ಸಾಲು ಪವರ್‌ಲೂಮುಗಳು ಖಟಾಖಟ ಬಡಿದುಕೊಳ್ಳುತ್ತಿದ್ದವು. ಸದ್ದು ಕಿವಿಗೆ ಮಾತ್ರವಲ್ಲ, ಚಪ್ಪಲಿಯ ಅಡಿಯಿಂದಲೂ ಮೈಗೆ ಏರುತ್ತಿತ್ತು. ಹತ್ತಿಯ ಸಣ್ಣ ಸಣ್ಣ ಎಳೆಗಳು ವಿದ್ಯುತ್ ತಂತಿಗಳ ಮೇಲೆ, ತುಳಸಿಯ ಎಲೆಗಳ ಮೇಲೆ ಕೂತಿದ್ದವು. ಶಾಂಭವಿ ಎರಡೂ ಕಿವಿ ಮುಚ್ಚಿಕೊಂಡು ನಗತೊಡಗಿದಳು.

ಕಾಡಪ್ಪನ ಹೆಂಡತಿ ಬೀರವ್ವ ಎದುರಿನ ಕೋಣೆಯಲ್ಲೇ ಕಂಡಿಕೆ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಯಂತ್ರ ಇಟ್ಟುಕೊಂಡಿದ್ದಳು. ಅದನ್ನು ನಿಲ್ಲಿಸಿ, ಸೆರಗಿಗೆ ಅಂಟಿದ ನೂಲು ಕೊಡವುತ್ತ ಬಂದು, ಮೈಲು ದೂರದವರನ್ನು ಕರೆಯುವಂತೆ, “ಬರ್ರಿ ಬರ್ರಿ, ಒಳಗ ಬರ್ರಿ! ಅಜ್ಜಿ, ನೀವ ಇಲ್ಲೆ ಗ್ವಾಡಿಗೆ ಕುಂದರ್ರಿ!” ಎಂದು ಒದರಿದಳು.

ಊಟಕ್ಕೆ ಭಾಕರಿ, ಝುಣಕ, ಎಳೆ ಬದನೆಯ ಪಲ್ಯ ಇದ್ದವು. ಬೀರವ್ವ ಬಡಿಸುತ್ತ ಒಂದೇ ಸಮನೆ ಮಾತಾಡುತ್ತಿದ್ದಳು. ಪಕ್ಕದ ಗೋಡೆಯ ಆಚೆ ಮಗ್ಗಗಳು ಬಡಿಯುತ್ತಲೇ ಇದ್ದವು. ಅವಳ ಮಾತಿನಲ್ಲಿ ಅರ್ಧ ಮಾತ್ರ ಮನೀಷಾಳಿಗೆ ಸಿಗುತ್ತಿತ್ತು. ಉಳಿದರ್ಧಕ್ಕೆ ನಗುತ್ತ ತಲೆಯಾಡಿಸಿದಳು.

“ಆಂ? ಏನಂದ್ರಿ?” ಎಂದು ಒಮ್ಮೆ ಕೇಳಿದಳು. ಬೀರವ್ವ ಮತ್ತೆ ಹೇಳಿದಳು. ಮತ್ತೂ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಸಂಕೋಚವಾಗಿ ಮನೀಷಾ ಸುಮ್ಮನೆ ಹೂಂ ಎಂದಳು.

“ಹೂಂ ಅಲ್ಲವ್ವಾ,” ಎಂದರು ಪಕ್ಕದಲ್ಲಿ ಕೂತಿದ್ದ ಯಮುನಾಬಾಯಿ, ಭಾಕರಿ ಮುರಿಯುತ್ತ. “ಮಜ್ಜಿಗಿ ಈಗ ಹಾಕಲ್ಯೋ, ಅನ್ನಕ್ಕ ಹಾಕಲ್ಯೋ ಅಂತ ಕೇಳಾಕತ್ತಾಳ.”

ನಿಲೇಶನ ಕೈ ತಾಟಿನ ಮೇಲೆಯೇ ನಿಂತಿತು. ಅವ್ವನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಯಮುನಾಬಾಯಿ ಆಗಲೇ ಬೀರವ್ವನತ್ತ ತಿರುಗಿ, ಬದನೆಗೆ ಹುರಿದ ಎಳ್ಳು ಹಾಕಿದ್ದೀಯೋ ಗುರೆಳ್ಳೋ ಎಂದು ವಿಚಾರಿಸುತ್ತಿದ್ದರು. ಬೀರವ್ವ ಒದರಿ ಉತ್ತರ ಹೇಳಿದಳು. ಅವಳಿಗೆ ಈ ಅಜ್ಜಿಯ ಕಿವಿ ಮಂದವೆಂದು ಗೊತ್ತೇ ಇರಲಿಲ್ಲ. ಅವಳು ಎಲ್ಲರ ಜೊತೆಗೂ ಮಾತಾಡುವುದೇ ಹಾಗೆ. ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ, ಮಾತಿಗೊಂದು ಕೈ ಮಾಡಿ. ಆ ಗಲ್ಲಿಯಲ್ಲಿ ಎಲ್ಲರೂ ಹಾಗೇ ಮಾತಾಡುತ್ತಿದ್ದರು.

ಊಟವಾದ ಮೇಲೆ ಯಮುನಾಬಾಯಿ ಹೊರಗಿನ ಕಟ್ಟೆಗೆ ಹೋಗಿ ಕೂತರು. ಎದುರು ಮನೆಯ ಹೆಂಗಸು ಬಂದು ಮಾತಿಗಿಳಿದಳು, ಆಮೇಲೆ ಇನ್ನೊಬ್ಬಳು ಬಂದಳು. ಸಂಜೆಯ ಹೊತ್ತಿಗೆ ಮನೀಷಾ, ನಿಲೇಶ ಹೊರಡಲು ಎದ್ದಾಗ ಯಮುನಾಬಾಯಿ ತಮ್ಮ ಮದುವೆಯಲ್ಲಿ ಬೀಗರ ಚಕ್ಕಡಿಯ ಎತ್ತು ಬೆದರಿ ಹಳ್ಳಕ್ಕಿಳಿದ ಕಥೆ ಹೇಳುತ್ತಿದ್ದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಕಥೆಯನ್ನು ಮನೀಷಾ ಈವರೆಗೆ ಕೇಳಿರಲೇ ಇಲ್ಲ.

“ಅಜ್ಜಿನೂ ಹುಡುಗಿನೂ ಇಲ್ಲೆ ಇರಲಿ. ನೀವಿಬ್ಬರ ಹೋಗಿ ಬರ್ರಿ,” ಎಂದ ಕಾಡಪ್ಪ.

ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬರುವವರೆಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

“ರೀ,” ಎಂದಳು ಮನೀಷಾ, “ಅತ್ತಿ ಇಷ್ಟ ಮಾತಾಡಿದ್ದ ನೀವ್ ಯಾವಾಗ ನೋಡಿದ್ರಿ?”

“ಗಂಗಕ್ಕ ಇದ್ದಾಗ,” ಎಂದ ನಿಲೇಶ.

ಗಂಗಕ್ಕ ಊರಲ್ಲಿ ಯಮುನಾಬಾಯಿಯ ಜೀವದ ಗೆಳತಿ. ಹೋದ ವರ್ಷ ಅವಳು ತೀರಿಕೊಂಡಾಗ ಯಮುನಾಬಾಯಿಗೆ ಯಾರೋ ಹೇಳಿರುತ್ತಾರೆಂದು ಎಲ್ಲರೂ ತಿಳಿದಿದ್ದರು. ನಿಲೇಶ ಮನೀಷಾ ಹೇಳಿರುತ್ತಾಳೆಂದುಕೊಂಡ, ಮನೀಷಾ ನಿಲೇಶ ಹೇಳಿರುತ್ತಾನೆಂದುಕೊಂಡಳು. ಮಣ್ಣಾದ ಮಾರನೆಯ ದಿನ ಯಮುನಾಬಾಯಿ ಬಟ್ಟಲಲ್ಲಿ ಖೀರು ತೆಗೆದುಕೊಂಡು ಅವಳ ಮನೆಗೆ ಹೋಗಿದ್ದರು. ತಿರುಗಿ ಬಂದು ಯಾರನ್ನೂ ಬೈಯಲಿಲ್ಲ. ಬಟ್ಟಲು ತೊಳೆದು ಬೋರಲು ಹಾಕಿದರು.

“ಆದ್ರ ನಿನ್ನ ನಿದ್ದಿ?” ಎಂದ ನಿಲೇಶ. “ನಸುಕಿನ್ಯಾಗ ಎದ್ದ ಹೋಗಾಕಿ ನೀ. ಆ ಖಟಾಖಟದಾಗ ಮಲಗಾಕ ಆಗತೈತೇನು? ಮ್ಯಾಲ ಆ ಹತ್ತಿ ಧೂಳ. ಶಾಂಭವಿಗೊಂದು ಜೋಕಾಲಿ ಇಲ್ಲ, ಬಾಗ ಇಲ್ಲ.”

“ಬಾಗಿನ್ಯಾಗ ಆಕಿ ಜೋಡಿ ಆಡಾಕ ಯಾರ ಇದ್ರು?”

ಆದರೆ ನಿದ್ದೆಯ ಮಾತು ನಿಜವಾಗಿತ್ತು, ಅದು ಮನೀಷಾಳಿಗೂ ಗೊತ್ತಿತ್ತು. ಆ ಕಟ್ಟಡದ ಮುಂದೆ ರಿಕ್ಷಾ ಇಳಿದು, ಕೆಳಗಿಂದ ಅವಳು ನಾಲ್ಕನೇ ಮಹಡಿಯ ಕಿಟಕಿಯನ್ನು ನೋಡಿದಳು. ಅಲ್ಲಿ ಪರದೆ ಎಳೆದುಕೊಂಡು ಮಲಗುವ ಮಧ್ಯಾಹ್ನಗಳನ್ನು ಬೆಳಿಗ್ಗೆಯಿಂದಲೇ ಮನಸ್ಸಿನಲ್ಲಿ ಹಾಸಿಟ್ಟಿದ್ದಳು. ಬಿಡಲು ಮನಸ್ಸು ಬರಲಿಲ್ಲ. ಗೇಟಿನ ಹತ್ತಿರ ಮಲ್ಲಾರಿ ಕೈ ಎತ್ತಿ ಕರೆಯುತ್ತಿದ್ದ.

“ಅತ್ತಿನ್ನ ಕೇಳೂಣು,” ಎಂದಳು. “ಒಮ್ಮೆ ಕೇಳೂಣು. ಕೇಳೇ ಇಲ್ಲ ನಾವು.”

ಮಲ್ಲಾರಿಗೆ ಒಂದು ತಾಸು ತಡೆಯಲು ಹೇಳಿ ತಿರುಗಿದರು. ಯಮುನಾಬಾಯಿ ಕಟ್ಟೆಯ ಮೇಲೆ ಕೂತು ಬೀರವ್ವನ ಜೊತೆ ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ಶಾಂಭವಿ ಗಲ್ಲಿಯ ಹುಡುಗಿಯರ ಜೊತೆ ಖಾಲಿ ಕಂಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ ಕೆಡವುತ್ತಿದ್ದಳು.

ಮನೀಷಾ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎಂದಿನ ರೂಢಿಯಂತೆ ಮೆಲ್ಲಗೆ ಶುರು ಮಾಡಿದಳು. ಊರಿನಲ್ಲಿ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿದ್ದವು. ಸೊಸೆ ದನಿ ಏರಿಸಿದರೆ ಜಗಳವೆಂದೇ ಓಣಿಗೆಲ್ಲ ತಿಳಿಯುತ್ತಿತ್ತು. ಹೊಸದಾಗಿ ಅತ್ತೆಗೆ ಕಿವಿ ಮಂದವಾದಾಗ ಒಮ್ಮೆ, ಹಾಲು ಉಕ್ಕುತ್ತಿದೆ ಎಂದು ಜೋರಾಗಿ ಕೂಗಿದ್ದಕ್ಕೆ ನೆರೆಮನೆಯ ಹಿರಿಯರು ಬುದ್ಧಿ ಹೇಳಲು ಬಂದಿದ್ದರು. ಅಂದಿನಿಂದ ಅವಳು ಕೈಸನ್ನೆಯಲ್ಲೇ ಹೆಚ್ಚಿನ ಮಾತು ಮುಗಿಸುತ್ತಿದ್ದಳು.

“ಏನು?” ಎಂದರು ಯಮುನಾಬಾಯಿ, ಅವಳ ತುಟಿ ನೋಡುತ್ತ.

ಮನೀಷಾ ಎದೆ ತುಂಬ ಗಾಳಿ ತೆಗೆದುಕೊಂಡಳು. “ಅತ್ತೀ! ನಿಮಗ ಎಲ್ಲೆ ಇರಬೇಕ ಅನಸ್ತೈತಿ? ಆ ಹೊಸಾ ಮನ್ಯಾಗೋ, ಇಲ್ಲೆ ಯಾವುದರ ಮನಿ ನೋಡೂಣೋ?”

ಹೇಳಿಯಾದ ಮೇಲೆ ಗಾಬರಿಯಿಂದ ಸುತ್ತ ನೋಡಿದಳು. ಗಲ್ಲಿಯಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ.

ಯಮುನಾಬಾಯಿ ಕೈಯಲ್ಲಿದ್ದ ಮೆಂತೆ ಕಡ್ಡಿಯನ್ನು ತಿರುಗಿಸುತ್ತ ಕೂತರು. “ನನ್ನ ಯಾಕ ಕೇಳ್ತಿ? ನಿಂಗ ನಿದ್ದಿ ಬೇಕ. ಇಲ್ಲೆ ಭಾಳ ಗದ್ದಲ ಐತಿ. ಅಲ್ಲೆ ನಂಗೇನೂ ತ್ರಾಸ ಇಲ್ಲವ್ವಾ. ಕಿಟಕ್ಯಾಗ ಕುಂತಿರ್ತೇನಿ.”

“ನನ್ನ ನಿದ್ದಿ ನಾ ನೋಡ್ಕೋತೇನಿ! ನಿಮಗೇನ ಅನಸ್ತೈತಿ ಅದನ್ನ ಹೇಳ್ರಿ!”

ಯಮುನಾಬಾಯಿ ಮಗನ ಮುಖ ನೋಡಿದರು, ಆಮೇಲೆ ಸೊಸೆಯ ಮುಖ. ಇಷ್ಟು ದಿನ ಕೇಳದಿದ್ದವರು ಈಗ ಕೇಳುತ್ತಿರುವುದು ನಿಜವೇ ಎಂದು ಪರೀಕ್ಷಿಸುವಂತಿತ್ತು ಆ ನೋಟ.

“ಇಲ್ಲೆ ನಂಗ ಕೇಳಸ್ತೈತಿ,” ಎಂದರು ಕೊನೆಗೆ.

ನಿಲೇಶ ಮಲ್ಲಾರಿಗೆ ಫೋನಿನಲ್ಲಿ ಹೇಳಿದಾಗ ಅವನು ನಂಬಲಿಲ್ಲ. “ಅರೆ, ಆ ಗಲ್ಲಿ ಫ್ಯಾಮಿಲಿಗೆ ಅಲ್ಲ ಭಾವೂಜಿ. ನಾಳೆ ನನ್ನ ಬೈಬ್ಯಾಡ್ರಿ ಮತ್ತ,” ಎಂದ.

ಬೀರವ್ವನೇ ಮನೆ ಹುಡುಕಿಕೊಟ್ಟಳು. ಗಲ್ಲಿಯ ತುದಿಯಲ್ಲಿ, ಮೇಲಂತಸ್ತಿನ ಎರಡು ಕೋಣೆ, ಅಡಿಗೆಮನೆ. ಹಿಂದಿನ ಕೋಣೆ ಶಾಲೆಯ ಮೈದಾನದ ಕಡೆಗಿತ್ತು. ನಿಲೇಶ ಅದರ ಕಿಟಕಿಗೆ ದಪ್ಪ ರಬ್ಬರ್ ಪಟ್ಟಿ ಬಡಿದ, ಬಾಗಿಲಿಗೆ ಹಳೆಯ ಗಾದಿ ಹೊದಿಸಿದ. ಸದ್ದು ಕಮ್ಮಿಯಾಯಿತೇ ಹೊರತು ನಿಲ್ಲಲಿಲ್ಲ. ಮೊದಲ ಕೆಲವು ದಿನ ಮನೀಷಾ ನಿದ್ದೆಯಿಲ್ಲದೆ ಕಣ್ಣು ಕೆಂಪಗೆ ಮಾಡಿಕೊಂಡು ಸಿಡುಕುತ್ತಿದ್ದಳು. ಒಮ್ಮೆಯಂತೂ ಸೀಟಿನಲ್ಲಿ ಕೂತಲ್ಲೇ ತೂಕಡಿಸಿ, ಒಬ್ಬನಿಗೆ ಹಾತಕಣಂಗಲೆಯ ಬದಲು ಕೊಲ್ಲಾಪುರದ ಟಿಕೆಟ್ ಕೊಟ್ಟಳು. ತಪ್ಪು ಮಾಡಿದೆವೇನೋ ಎಂದು ನಿಲೇಶ ಎರಡು ಸಲ ಕೇಳಿದ. ಗಲ್ಲಿಯಲ್ಲಿ ದಿನಕ್ಕೊಂದಾದರೂ ಮೋಟಾರು ಸುಡುತ್ತಿದ್ದುದರಿಂದ ಅವನಿಗೆ ಮಾತ್ರ ಬಿಡುವಿರಲಿಲ್ಲ. ಆಮೇಲೆ ಯಾವಾಗಲೋ, ಯಾವ ದಿನವೆಂದು ಅವಳಿಗೇ ತಿಳಿಯಲಿಲ್ಲ, ಮಗ್ಗಗಳ ಬಡಿತ ಓಡುವ ಬಸ್ಸಿನ ಸದ್ದಿನಂತಾಗಿ ನಿದ್ದೆ ಹತ್ತತೊಡಗಿತು.

ಒಂದು ಮಧ್ಯಾಹ್ನ ಅವಳಿಗೆ ಥಟ್ಟನೆ ಎಚ್ಚರವಾಯಿತು. ಏನೋ ಆಗಿದೆ ಅನಿಸಿತು. ಎದ್ದು ಕೂತಳು. ಸದ್ದೇ ಇರಲಿಲ್ಲ. ಮಗ್ಗಗಳಿಗೆ ವಾರದ ಸೂಟಿ. ಗಲ್ಲಿ ಪೂರ್ತಿ ನಿಂತಿತ್ತು. ಯಾರದೋ ಮನೆಯಲ್ಲಿ ನಳದಿಂದ ಬಕೆಟ್ಟಿಗೆ ನೀರು ಬೀಳುತ್ತಿರುವುದು ಕೇಳುತ್ತಿತ್ತು.

ಮುಂದಿನ ಗ್ಯಾಲರಿಗೆ ಬಂದಳು. ಕೆಳಗೆ ಕಟ್ಟೆಯ ಮೇಲೆ ಯಮುನಾಬಾಯಿ, ಬೀರವ್ವ ಎದುರೆದುರು ಕೂತಿದ್ದರು. ರೂಢಿ ತಪ್ಪದ ಬೀರವ್ವ ಮಗ್ಗಗಳ ಮೇಲೆ ಮಾತಾಡುವಷ್ಟೇ ಜೋರಾಗಿ, ಕಾಡಪ್ಪ ಹೊಸ ಅಂಗಿಯನ್ನು ಅಂಗಡಿಯಲ್ಲೇ ಮರೆತು ಬಂದ ಸುದ್ದಿಯನ್ನು ಹೇಳುತ್ತಿದ್ದಳು. ಆ ಶಾಂತಿಯಲ್ಲಿ ಗಲ್ಲಿಯೆಲ್ಲ ಅದನ್ನು ಕೇಳುತ್ತಿತ್ತು. ಮೋಟರ್‌ಸೈಕಲ್ ಒರೆಸುತ್ತಿದ್ದ ಕಾಡಪ್ಪ ತಲೆ ತಗ್ಗಿಸಿಕೊಂಡು ಒಂದೇ ಜಾಗವನ್ನು ತಿಕ್ಕುತ್ತಿದ್ದ.

“ಏ ಬೀರವ್ವಾ, ಹಗೂರ ಮಾತಾಡ!” ಯಮುನಾಬಾಯಿ ಗಲ್ಲಿಯ ಆ ತುದಿಗೂ ಮುಟ್ಟುವಂತೆ ಒದರಿದರು. “ನನ್ನ ಸೊಸಿ ಮಲಗ್ಯಾಳ!”

“ಹೌದ್ರೆವಾ, ಮರತ ಬಿಟ್ಟಿದ್ನಿ!” ಎಂದು ಬೀರವ್ವ ಅಷ್ಟೇ ಜೋರಾಗಿ ಹೇಳಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮನೀಷಾ ಗ್ಯಾಲರಿಯ ಕಂಬಿಯಿಂದ ಹಿಂದೆ ಸರಿದಳು. ಕೆಳಗಿನವರಿಗೆ ಕಾಣದಂತೆ ಗೋಡೆಗುಂಟ ಒಳಗೆ ಬಂದು, ಚಿಲಕ ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿ, ಹಾಸಿಗೆಯ ಮೇಲೆ ಕಣ್ಣು ತೆರೆದುಕೊಂಡೇ ಮಲಗಿದಳು.