ಅಂಟುಮೀಸೆ

ಆ ಬೆಳಿಗ್ಗೆ ಮನೆಯವರೆಲ್ಲ ಕೂಡಿ ತೀರ್ಮಾನಿಸಬೇಕಾಗಿದ್ದ ಘನವಾದ ವಿಷಯವೆಂದರೆ ಮೀಸೆ. ಹೆಣದ ತುಟಿಯ ಮೇಲಿದ್ದ ಮೀಸೆ ಹೆಣದ್ದಲ್ಲ. ಭಾವಮೈದುನ ಅದರ ಒಂದು ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆಯುತ್ತಿದ್ದ; ಮೀಸೆಯ ಜೊತೆ ತುಟಿಯೂ ಎದ್ದು ಬರುತ್ತಿತ್ತು. ಸತ್ತವನು ಹಲ್ಲು ತೋರಿಸಿ ಹಂಗಿಸಿದ ಹಾಗೆ ಕಂಡು, ಬಾಗಿಲಲ್ಲಿ ನಿಂತಿದ್ದವರು ಮುಖ ತಿರುಗಿಸಿದರು.

ಬಿಸಿನೀರಾಯಿತು, ಎಣ್ಣೆಯಾಯಿತು. ಪಕ್ಕದ ಮನೆಯ ಮುದುಕರೊಬ್ಬರು ಬ್ಲೇಡು ಸೂಚಿಸಿದರು. ಇನ್ನೊಬ್ಬರು, ಒಪ್ಪುತ್ತೆ, ಇರಲಿ ಬಿಡಿ ಎಂದರು. ಹೆಂಡತಿ ಒಪ್ಪಲಿಲ್ಲ.

"ಇಪ್ಪತ್ತಾರು ವರ್ಷ ಬೋಳು ಮೂತಿ ನೋಡ್ಕೊಂಡು ಬಾಳಿದೀನಿ. ಈಗ ಯಾವನೋ ಕಳ್ಳನ ಮೀಸೆ ಅಂಟಿಸ್ಕೊಂಡು ಹೋಗೋದು ಬೇಡ."

ಮೇಕಪ್‌ನವನಿಗೆ ಹೇಳಿಕಳಿಸಿದರು.

ಸತ್ತವನು ಸಿನಿಮಾದಲ್ಲಿ ಏಟು ತಿನ್ನುವ ಫೈಟರ್. ಜೊತೆಯವರು ಬೀಳಣ್ಣ ಎನ್ನುತ್ತಿದ್ದರು. ಹೊಡೆಯೋಕೆ ಮುಖ ಇದ್ದರೆ ಸಾಕು, ಬೀಳೋಕೆ ವಿದ್ಯೆ ಬೇಕು ಎಂಬುದು ಅವನ ಮಾತು. ಮಹಡಿಯಿಂದ, ಕುದುರೆಯಿಂದ, ಒಮ್ಮೆ ಕಟ್ಟಡದ ಜಾಹೀರಾತು ಫಲಕದಿಂದಲೂ ಬಿದ್ದಿದ್ದ. ಕಟ್ ಎಂದ ಮೇಲೂ ಏಳುವ ಜಾತಿಯಲ್ಲ. ಯಾರಾದರೂ ಟೀ ತಂದು ಮೂಗಿನ ಹತ್ತಿರ ಹಿಡಿಯಬೇಕು. ಆಗ ಒಂದು ಕಣ್ಣು ತೆರೆದು, ಸಕ್ಕರೆ ಹಾಕಿದ್ದೀಯೋ ಇಲ್ವೋ ಎಂದು ಕೇಳುತ್ತಿದ್ದ.

ಮೇಕಪ್‌ನವನು ಸ್ಪಿರಿಟ್ ಬಾಟಲಿ, ಹತ್ತಿ ಹಿಡಿದು ಬಂದ. ಎರಡು ನಿಮಿಷದಲ್ಲಿ ಮೀಸೆ ಕಳಚಿತು. ಕೂದಲು ನೀವಿ, ಚಿಕ್ಕ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದ. ಅಭ್ಯಾಸಬಲದಿಂದ ಎಡಗೈಯ ಕಡೆಗೂ ಹತ್ತಿ ಒಯ್ದ. ಅಂಗೈ ತುಂಬ ಇಟ್ಟಿಗೆ ಬಣ್ಣವಿತ್ತು.

"ಕೈ ಮುಟ್ಬೇಡಿ," ಎಂದಳು ಹೆಂಡತಿ. "ಅದು ಫೈಟ್ ಮಾಸ್ಟರ್ ನೋಡ್ಲಿ."

ಮೇಕಪ್‌ನವನು ಹತ್ತಿ, ಬಾಟಲಿ ಕಿಟಕಿಯ ಮೇಲಿಟ್ಟು ಹೊರಗೆ ಹೋದ.

*

ಎರಡು ದಿನದ ಹಿಂದೆ, ಸೆಟ್ಟಿನ ನೆಲಕ್ಕೆ ಬಳಿದ ಇಟ್ಟಿಗೆ ಬಣ್ಣ ಇನ್ನೂ ಒಣಗಿರಲಿಲ್ಲ. ಆಗಲೇ ನಿರ್ದೇಶಕರಿಗೆ ಜ್ಞಾನೋದಯವಾಯಿತು.

ಫೈಟ್ ಎಂದರೆ ಎಣಿಕೆ. ಮಾಸ್ಟರ್ ಒಂದು, ಎರಡು, ಮೂರು ಎನ್ನುತ್ತಾರೆ. ಮುಷ್ಟಿ ಮೂರಕ್ಕೆ ಬರುತ್ತದೆ, ತಲೆ ಎರಡೂವರೆಗೇ ಜಾಗ ಖಾಲಿ ಮಾಡಿರುತ್ತದೆ. ಆ ಅರ್ಧ ಎಣಿಕೆಯಲ್ಲೇ ಬೀಳಣ್ಣ ಸಂಸಾರ ಹೂಡಿದ್ದ. ನಿರ್ದೇಶಕರು, ಎಣಿಸಿ ಹೊಡೆದರೆ ಎಣಿಸಿದ ಹಾಗೇ ಕಾಣುತ್ತೆ, ಇವತ್ತು ಬಂದ ಹಾಗೆ ಬರಲಿ ಎಂದರು. ತನ್ನ ಸಿಟ್ಟು ತೆರೆಯ ಮೇಲೆ ಅಜೀರ್ಣದಂತೆ ಕಾಣುತ್ತದೆಂದು ಎಲ್ಲೋ ಓದಿ ನೊಂದಿದ್ದ ಹೀರೋ ತಕ್ಷಣ ಒಪ್ಪಿದ. ಮಾಸ್ಟರ್ ಗಂಟಲು ಸರಿಮಾಡಿಕೊಂಡು, ಆ ಗಂಟಲನ್ನು ಬೇರೆ ಯಾವುದಕ್ಕೂ ಬಳಸಲಿಲ್ಲ.

ಫೈಟರ್‌ಗಳಲ್ಲಿ ಒಂದು ಕಟ್ಟಳೆಯಿದೆ. ನಿಜವಾಗಿ ಪೆಟ್ಟಾದರೆ ನೆಲಕ್ಕೆ ಅಂಗೈಯಿಂದ ಎರಡು ಸಲ ತಟ್ಟಬೇಕು. ಆ ಕೈಯನ್ನೇ ನೋಡುತ್ತ ಅವರಲ್ಲೊಬ್ಬ ಕ್ಯಾಮೆರಾದ ಪಕ್ಕ ನಿಂತಿರಬೇಕು. ತಟ್ಟಿದೊಡನೆ ನಿಲ್ಲಿಸಿ ಎಂದು ಕೂಗಬೇಕು. ಬೀಳಣ್ಣ ಜನ್ಮದಲ್ಲಿ ತಟ್ಟಿದವನಲ್ಲ. ತಟ್ಟೋದು ಬಾಗಿಲಿಗೆ, ನೆಲಕ್ಕಲ್ಲ ಎನ್ನುತ್ತಿದ್ದ. ಹಾಗಾಗಿ ಅವನ ಕೈ ನೋಡುವುದು ಎಲ್ಲರಿಗೂ ಆರಾಮದ ಕೆಲಸ. ಅಂದು ಅದಕ್ಕೆ ನಿಂತವನು, ತಾನೂ ಫೈಟರ್ ಆದ ಭಾವಮೈದುನ.

ಹೀರೋ ಬೀಳಣ್ಣನ ಎದೆಯ ಮೇಲೆ ಮಂಡಿಯೂರಿ ಕುತ್ತಿಗೆ ಹಿಡಿದ. ಅವನ ಸಿಟ್ಟು ಮೊದಲ ಬಾರಿಗೆ ಸಿಟ್ಟಿನಂತೆ ಕಾಣುತ್ತಿತ್ತು. ಕ್ಯಾಮೆರಾ ಮುಖಗಳ ಮೇಲಿತ್ತು; ಕೆಳಗಿದ್ದವನ ಎಡಗೈ ಅದಕ್ಕೆ ಕಾಣುತ್ತಿರಲಿಲ್ಲ. ಆ ಕೈ ನೆಲಕ್ಕೆ ಎರಡು ಸಲ ತಟ್ಟಿತು.

ಭಾವಮೈದುನ ಬಾಯಿ ತೆರೆದು ಮಾಸ್ಟರ್ ಕಡೆ ನೋಡಿದ. ಮಾಸ್ಟರ್ ನಿರ್ದೇಶಕರ ಕಡೆ ನೋಡಿದರು. ನಿರ್ದೇಶಕರು ಮಾನಿಟರ್ ನೋಡುತ್ತ, ಅದ್ಭುತ ಎಂದು ಪಿಸುಗುಟ್ಟಿದರು. ಕೈ ಇನ್ನೊಮ್ಮೆ ಎದ್ದಿತು, ಈ ಸಲ ತಟ್ಟಲಿಲ್ಲ.

ಕಟ್ ಎಂದಾಗ ಚಪ್ಪಾಳೆ ಬಿತ್ತು. ಬೀಳಣ್ಣ ಏಳಲಿಲ್ಲ. ಎಲ್ಲರೂ ನಕ್ಕರು. ಒಬ್ಬರು ಟೀ ತಂದು ಮೂಗಿನ ಹತ್ತಿರ ಹಿಡಿದರು. ಕೆನೆ ಕಟ್ಟುವವರೆಗೂ ಹಿಡಿದೇ ಇದ್ದರು.

*

ಮೀಸೆ ತೆಗೆದ ದಿನ ಹತ್ತು ಗಂಟೆಗೆ ಮಾಸ್ಟರ್, ಸಾವು ಹೇಗಾಯಿತೆಂದು ಬರೆದ ಕಾಗದ ತಂದರು. ಮನೆಯೊಳಗೆ ಬರುವ ಮೊದಲು ಅಂಗಳದಲ್ಲಿ ಭಾವಮೈದುನನ ಹೆಗಲ ಮೇಲೆ ಕೈಹಾಕಿ ಎರಡು ಸುತ್ತು ನಡೆದರು. ತಟ್ಟಿದ ಎಂದು ಬರೆದರೆ, ಕೈ ನೋಡೋಕೆ ಯಾರು ನಿಂತಿದ್ದರು ಎಂಬುದೇ ಮೊದಲ ಪ್ರಶ್ನೆ ಎಂದರು. ಕಳ್ಳನ ಪಾತ್ರ ಇನ್ನೂ ನಾಲ್ಕು ದಿನ ಬಾಕಿಯಿದೆ, ಬೆನ್ನು ಮಾತ್ರ ಕಾಣುತ್ತದೆ, ಭಾವ ಭಾವಮೈದುನರ ಮೈಕಟ್ಟು ಹೆಚ್ಚು ಕಡಿಮೆ ಒಂದೇ ಎಂದೂ ಅಂದರು. ಎರಡು ಮಾತಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ, ನಡುವೆ ಒಮ್ಮೆ ಕೆಮ್ಮಿದರು.

ಅಷ್ಟರಲ್ಲಿ ಒಳಗೆ ಹೆಂಡತಿಗೆ ತಲೆಸುತ್ತು ಬಂದು, ಹೆಂಗಸರು ನೀರು ಕುಡಿಸಲು ಅಡುಗೆಮನೆಗೆ ಕರೆದೊಯ್ದಿದ್ದರು. ಭಾವಮೈದುನ ಒಬ್ಬನೇ ಹೆಣದ ಪಕ್ಕ ಸ್ವಲ್ಪ ಹೊತ್ತು ಕೂತಿದ್ದ.

ಅವಳು ಬಂದು ಕೂತಾಗ ಮಾಸ್ಟರ್ ಕಾಗದ ಓದಿದರು. ಮೃತನು ತನ್ನದೇ ಅಂದಾಜು ತಪ್ಪಿ ಪೆಟ್ಟು ಮಾಡಿಕೊಂಡನು. ಯಾವುದೇ ಸನ್ನೆ ಕೊಡಲಿಲ್ಲ.

"ಅವರು ಅಂದಾಜು ತಪ್ಪೋರಲ್ಲ ಮಾಸ್ಟ್ರೇ. ಅದೊಂದೇ ಅವರ ಆಸ್ತಿ. ತಟ್ಟಿದಾರೆ ಅಂತ ಬರೀರಿ, ನಂಗೆ ಬೇರೇನೂ ಬೇಡ."

ಮಾಸ್ಟರ್ ಕಾಗದದ ಅಂಚು ನೇರಮಾಡಿದರು. ಅವಳು ತಮ್ಮನ ಕಡೆ ತಿರುಗಿದಳು.

"ಆಸ್ಪತ್ರೇಲಿ ನಂಗೇನು ಹೇಳ್ದೆ, ಅದನ್ನೇ ಇವರ ಮುಂದೆ ಹೇಳೋ."

"ನಂಗೆ ಸರಿಯಾಗಿ ಕಾಣಿಸ್ಲಿಲ್ಲ ಅಕ್ಕ."

"ನಿಮ್ಮ ಭಾವ ತಟ್ಟಿದ್ರು, ಎರಡು ಸಲ, ಅಂದೆ."

"ಗಾಬರೀಲಿ ಏನೇನೋ ಅಂದಿರ್ತೀನಿ."

ಅವಳು ಗಂಡನ ಎಡಗೈಯನ್ನು ಎತ್ತಿ, ಬಿಗಿದ ಬೆರಳುಗಳನ್ನು ಮಾಸ್ಟರ್ ಕಡೆ ತಿರುಗಿಸಿದಳು. ಅಂಗೈ ಬೆಳ್ಳಗಿತ್ತು. ರೇಖೆಗಳಲ್ಲೂ ಬಣ್ಣವಿರಲಿಲ್ಲ. ಅವಳು ಅದನ್ನು ಹತ್ತಿರ ತಂದು ಮೂಸಿದಳು; ಸ್ಪಿರಿಟ್ ವಾಸನೆ. ಆಮೇಲೆ ತಮ್ಮನ ಬಲಗೈ ಎಳೆದುಕೊಂಡು ಮೂಸಿದಳು.

"ಹೋಗಿ ಕೈ ತೊಳ್ಕೊಂಡು ಬಾ," ಎಂದಳು. "ಹೆಗಲು ಕೊಡ್ಬೇಕು."

ಅವನು ತೊಳೆದುಕೊಂಡು ಬಂದು ಹೆಗಲು ಕೊಟ್ಟ. ಹೊರಡುವ ಮೊದಲು, ಸಾಕ್ಷಿ ಎಂದಿದ್ದ ಕಡೆ ಸಹಿ ಹಾಕಿದ.

ವಾರದ ನಂತರ ಚಿತ್ರೀಕರಣ ಮುಂದುವರಿಯಿತು. ಭಾವನ ಅಂಗಿ ಅವನಿಗೆ ಭುಜದಲ್ಲಿ ಸ್ವಲ್ಪ ಬಿಗಿಯಾಗಿ, ಹಿಂದೆ ಒಂದು ಹೊಲಿಗೆ ಬಿಚ್ಚಬೇಕಾಯಿತು. ಬೆನ್ನು ಮಾತ್ರ ಕಾಣುವುದಾದರೂ ಯಾವುದಕ್ಕೂ ಇರಲಿ ಎಂದು ಮೇಕಪ್‌ನವನು ಡಬ್ಬಿ ತೆರೆದು, ತುಟಿಯ ಮೇಲೆ ಅಂಟು ಸವರಿ ಒತ್ತಿದ. ಮೀಸೆ ಮೊದಲ ಸಲಕ್ಕೇ ಸರಿಯಾಗಿ ಕೂತಿತು.