ಶಹಜಾದಿಯ ಹೊಟ್ಟೆ

ತಾಜ್‌ಬೀಗೆ ತಲೆ ಕೆಟ್ಟುಹೋಗಿತ್ತು. ಶಹಜಾದಿಯ ಹೊಟ್ಟೆಗೆ ಸುತ್ತಿ ನೋಡುವ ಹಗ್ಗದ ಗಂಟು ಈ ಶುಕ್ರವಾರವೂ ಒಂದು ಬೆರಳಿನಷ್ಟೂ ಹಿಂದೆ ಸರಿದಿರಲಿಲ್ಲ. ಸಂತೇಬೆನ್ನೂರಿನ ಸುತ್ತಮುತ್ತ ಮದುಮಕ್ಕಳನ್ನು ಹೊತ್ತು ಮೆರೆಸುವ ಈ ಬಿಳಿ ಕುದುರೆ ಗಾಳಿ ಕುಡಿದೇ ಮೈ ಬೆಳೆಸುವ ಜಾತಿ. ಬೇರೆಯವರ ಕುದುರೆ ಹೊರೆ ಹುಲ್ಲು ತಿಂದರೂ ಪಕ್ಕೆಲುಬು ಎಣಿಸಬಹುದು. ಇದರದ್ದು ಒತ್ತಿ ಹುಡುಕಿದರೂ ಸಿಗದು.

ಹೋದ ತಿಂಗಳು ಅದರ ಮುಂಗಾಲಿನ ಗೊರಸುಗಳು ಕಾದ ಹಂಚಿನ ಹಾಗಾಗಿದ್ದವು. ಚನ್ನಗಿರಿಯಿಂದ ಬಂದ ಪಶು ಡಾಕ್ಟರು ಪಂಚಾಕ್ಷರಪ್ಪ, "ಕೊಬ್ಬಿನಿಂದ ಬಂದಿದ್ದಮ್ಮ ಇದು. ಕಾಳು, ಬೆಲ್ಲ ಬಂದ್. ಅಳತೆ ಮಾಡಿ ಒಣಹುಲ್ಲು ಹಾಕ್ರಿ. ಇನ್ನೊಂದ್ಸಲ ಗೊರಸಿಗೆ ಉರಿ ಬಂದ್ರೆ ಅದಕ್ಕೆ ನಿಲ್ಲಾಕೂ ಆಗಲ್ಲ" ಎಂದಿದ್ದರು.

ಅಂದಿನಿಂದ ತಾಜ್‌ಬೀ ಯಾರನ್ನೂ ನಂಬಲಿಲ್ಲ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹುಲ್ಲಿನ ಉಸ್ತುವಾರಿಯನ್ನು ಗಂಡನ ಕೈಯಿಂದ ಕಿತ್ತುಕೊಂಡಳು. ಎತ್ತಿಗೆ ಹಾಕುವ ಕುಕ್ಕೆ ತಂದು ಕುದುರೆಯ ಬಾಯಿಗೆ ಕಟ್ಟಿದಳು. ಬಂದ ಎರಡು ಮದುವೆಗಳನ್ನೂ ಒಪ್ಪಲಿಲ್ಲ. ಮೊರದ ತುಂಬ ನೆನೆಸಿದ ಕಡಲೆ ತಿನ್ನಿಸದೆ ಯಾವ ಮದುಮಗ ಕುದುರೆ ಹತ್ತುತ್ತಾನೆ?

ಪಕ್ಕದ ಮನೆಯ ಕಸ್ತೂರಮ್ಮ ಹಸಿ ಮೆಕ್ಕೆಜೋಳದ ದಂಟು ಹಿಡಿದು ಬಂದಾಗ ಬಾಗಿಲಲ್ಲೇ ತಡೆದಳು.

"ಮೂಕ ಪ್ರಾಣಿ ಬಾಯಿ ಕಟ್ಟಿದ್ದೀಯಲ್ಲ ತಾಜಕ್ಕ, ಪಾಪ ಸುತ್ಕೊಳ್ತೈತೆ!"

"ಸುತ್ಕೊಳ್ಲಿ. ನೀನು ದಂಟು ತಗೊಂಡು ನಡಿ."

ಇಷ್ಟಾದರೂ ಹಗ್ಗ ಜಗ್ಗಲಿಲ್ಲ. ಇನ್ನು ಉಳಿದವನು ಗಂಡ ಇಮಾಮ್‌ಸಾಬ್. ಅವನ ಅಂಗಿಯ ಜೇಬುಗಳನ್ನು ತಿರುವಿ ಹಾಕಿ ಮೂಸಿದಳು. ಬೀಡಿ ವಾಸನೆ ಬಿಟ್ಟರೆ ಏನೂ ಸಿಗಲಿಲ್ಲ.

"ಅಲ್ಲಾನ ಆಣೆ, ಒಂದು ಕಾಳೂ ಕೊಟ್ಟಿಲ್ಲ ಕಣೇ" ಎಂದ ಅವನು.

"ಹಂಗಾದ್ರೆ ಇದು ಹೆಂಗೆ ಊದ್ತೈತೆ? ನನ್ನ ಬೈಗುಳ ತಿಂದಾ?"

ಮರುದಿನ ಬೆಳಿಗ್ಗೆ ಡಾಕ್ಟರು ಮತ್ತೆ ಬಂದರು. ತಾಜ್‌ಬೀ ಅಂಗಳದ ಒಲೆ ಮುಂದೆ ಜೋಳದ ರೊಟ್ಟಿ ತಟ್ಟುತ್ತಲೇ ದೂರು ಶುರು ಮಾಡಿದಳು. "ಊರೇ ಸೇರ್ಕೊಂಡು ಇದನ್ನ ಕೊಲ್ತಾ ಐತೆ ಡಾಕ್ಟ್ರೇ. ನಾನೊಬ್ಳು ಎಷ್ಟು ಜನರನ್ನ ಕಾಯಾಕೆ ಆಗ್ತೈತೆ?" ಎನ್ನುತ್ತ ಹಂಚಿನಿಂದ ಮೊದಲ ರೊಟ್ಟಿ ಎತ್ತಿದಳು, ಬೆಲ್ಲದ ಪುಡಿ ಉದುರಿಸಿ ಮಡಚಿದಳು, ಕುಕ್ಕೆ ಸರಿಸಿ ಶಹಜಾದಿಯ ಬಾಯಿಗಿಟ್ಟಳು.

ಡಾಕ್ಟರು ಚಹಾದ ಲೋಟ ಕೆಳಗಿಟ್ಟರು. "ಈಗ ಏನಮ್ಮ ಕೊಟ್ಟಿದ್ದು?"

"ಇದಾ? ಮೊದಲ್ನೇ ರೊಟ್ಟಿ. ನಮ್ಮ ಮಾವನ ಕಾಲದಿಂದ ಅದು ಕುದುರೆದೇ. ಅದೇನು ಮೇವಾ?"

"ದಿನಾ ಕೊಡ್ತೀರಾ?"

"ಎರಡು ಹೊತ್ತೂ. ಅದಕ್ಕೆ ಕೊಡದೆ ನಾವು..." ತಾಜ್‌ಬೀ ಗಂಡನ ಕಡೆ ತಿರುಗಿದಳು.

"ಅದು ಲೆಕ್ಕಕ್ಕೆ ಬರ್ತೈತೆ ಅಂತ ನಂಗೂ ಹೊಳೀಲಿಲ್ಲ" ಎಂದ ಇಮಾಮ್‌ಸಾಬ್.

ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಓಡಿಹೋಗಿ ನಾಲ್ಕೂ ಗೊರಸು ಮುಟ್ಟಿ ನೋಡಿದಳು. ತಣ್ಣಗಿದ್ದವು. ಊರಿಗೆಲ್ಲ ಬೈದುಕೊಂಡು ತಿಂಗಳಿಡೀ ವಿಷ ಉಣಿಸಿದವಳು ತಾನೇ.

ಸಂಜೆ ಮೊದಲ ರೊಟ್ಟಿ ಉಬ್ಬಿದಾಗ ಶಹಜಾದಿ ಎಂದಿನಂತೆ ಕುತ್ತಿಗೆ ಚಾಚಿ ಕೆನೆಯಿತು. ತಾಜ್‌ಬೀ ಅತ್ತ ನೋಡಲಿಲ್ಲ. ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕಿದಳು. ಮದುವೆಯಾದ ಮೂವತ್ತೆಂಟು ವರ್ಷಕ್ಕೆ ಮೊದಲ ರೊಟ್ಟಿ ಅವನ ಪಾಲಿಗೆ ಬಂದಿತ್ತು.

"ನುಂಗಾಕೆ ಆಗ್ತಿಲ್ಲ ಕಣೇ. ಅದು ನನ್ನೇ ನೋಡ್ತೈತೆ."

"ಬೆನ್ನು ತಿರುಗಿಸ್ಕೊಂಡು ತಿನ್ರಿ" ಎಂದು ಗದರಿದ ತಾಜ್‌ಬೀ ಸೆರಗಿನಿಂದ ಕಣ್ಣೊರೆಸಿಕೊಂಡು ಎರಡನೇ ರೊಟ್ಟಿ ತಟ್ಟತೊಡಗಿದಳು.