ಹಳೆ ನಿಲ್ದಾಣದಲ್ಲಿ ನಿಂತವರು

ಬಸ್ ಕಂಪನಿಯ ಪ್ರಚಾರಾಧಿಕಾರಿಯ ಮೇಜಿನ ಮೇಲಿದ್ದ ಕಡತ ಎರಡು ಬೆರಳು ದಪ್ಪವಿತ್ತು. ಆಸ್ಪತ್ರೆ ಗೇಟಿನ ಎದುರಿನ ನಿಲ್ದಾಣವನ್ನು ಅಂಚೆ ಕಚೇರಿ ಪಕ್ಕಕ್ಕೆ ಬದಲಾಯಿಸಿದ ಸುದ್ದಿ ಹತ್ತೊಂಬತ್ತು ಪತ್ರಿಕೆಗಳಲ್ಲಿ ಬಂದಿತ್ತು. ಆಕೆ ಒಂದೊಂದನ್ನೂ ಕತ್ತರಿಸಿ, ಅಂಟಿಸಿ, ಸ್ಕೇಲಿಟ್ಟು ಅಳೆದಿದ್ದಳು: ಒಟ್ಟು ನಾನೂರ ಹನ್ನೆರಡು ಸೆಂಟಿಮೀಟರ್. ಹನ್ನೊಂದು ವರ್ಷ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದವಳು. ಅಂಕಿ ತಪ್ಪಿದರೆ ಊಟ ಸೇರುತ್ತಿರಲಿಲ್ಲ.

ಅವಳ ವಿಭಾಗದಲ್ಲಿ ಅವಳೂ ಒಬ್ಬ ಫೋಟೋಗ್ರಾಫರನೂ ಇಬ್ಬರೇ. ಅದನ್ನು ಮುಚ್ಚಿ ಕೆಲಸವನ್ನು ಹೊರಗಿನ ಏಜೆನ್ಸಿಗೆ ವಹಿಸಬೇಕೇ ಎಂಬುದು ಸೋಮವಾರದ ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಇಬ್ಬರೂ ನಂಬಿದ್ದು ಈ ಕಡತವನ್ನೇ.

ಬುಧವಾರ ಸಂಜೆ ಮಹಡಿ ಮನೆಯ ಅತ್ತಿಗೆ ಬಾಗಿಲಲ್ಲಿ ಬಂದು ನಿಂತಳು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಅವಳ ಕೆಲಸ.

"ನಲವತ್ತು ನಿಮಿಷ ಗೇಟಿನ ಮುಂದೆ ಕಂಬದ ಥರ ನಿಂತಿದ್ದೆ ಕಣೇ. ನಿಮ್ಮ ಬಸ್ಸಿಗೆ ಏನು ಬಂತು ರೋಗ?"

ಪೇಪರ್ ನೋಡಲಿಲ್ಲವೇ ಎಂದು ಪ್ರಚಾರಾಧಿಕಾರಿ ನಾದಿನಿ ಕೇಳಿದಳು. ನೋಡಿದ್ದಷ್ಟೇ ಅಲ್ಲ, ತಲೆಬರಹವೂ ಅತ್ತಿಗೆಗೆ ಬಾಯಿಪಾಠವಾಗಿತ್ತು: 'ನಗರ ಸಂಚಾರಕ್ಕೆ ಹೊಸ ಆಯಾಮ.'

"ಆಯಾಮ ಅಂದ್ರೆ ನಮ್ಮ ಸ್ಟಾಪು ಅಂತ ನಂಗೇನು ಕನಸು ಬೀಳುತ್ತಾ?"

ಆ ತಲೆಬರಹ ನಾದಿನಿಯದೇ. ಹದಿನಾಲ್ಕು ಪತ್ರಿಕೆಗಳು ಅದನ್ನು ಒಂದಕ್ಷರ ಬದಲಿಸದೆ ಹಾಕಿದ್ದವು. ಅದಕ್ಕಾಗಿ ಅವಳು ಒಳಗೊಳಗೇ ಬೀಗಿದ್ದೂ ಉಂಟು. ನಿಲ್ದಾಣ ಎಲ್ಲಿಗೆ ಹೋಯಿತೆಂಬುದು ಒಂಬತ್ತನೇ ಸಾಲಿನಲ್ಲಿತ್ತು.

ಒಬ್ಬರ ದೂರನ್ನೇ ಊರಿನ ಮಾತೆಂದು ಬರೆಯುವವಳಲ್ಲ ಅವಳು. ಮರುದಿನ ನಾಲ್ಕೂವರೆಯಿಂದ ಆರೂವರೆವರೆಗೆ ಹಳೆ ನಿಲ್ದಾಣದ ಕಟ್ಟೆಯ ಮೇಲೆ ನೋಟುಪುಸ್ತಕ ಹಿಡಿದು ಕೂತಳು. ಬಸ್ಸಿಗೆಂದು ಅಲ್ಲಿಗೆ ಬಂದವರು ಅರವತ್ಮೂರು ಮಂದಿ. ಪ್ರತಿಯೊಬ್ಬರನ್ನೂ ಮಾತಾಡಿಸಿ ಹೊಸ ಜಾಗ ತೋರಿಸಿದಳು. ಟಿಕೆಟ್ ತಪಾಸಣೆಯವಳೆಂದು ತಿಳಿದು ಇಬ್ಬರು ದಬಾಯಿಸಿದರು. ಇಪ್ಪತ್ತೇಳು ಮಂದಿ ಸುದ್ದಿ ಓದಿಯೂ ಬಂದಿದ್ದರು.

ಕೊನೆಗೆ ಬಂದ, ಎಕ್ಸ್-ರೇ ಕವರು ಹಿಡಿದ ಅಜ್ಜನನ್ನು ತಾನೇ ಅಂಚೆ ಕಚೇರಿವರೆಗೆ ನಡೆಸಿಕೊಂಡು ಹೋದಳು. ಅಲ್ಲಿ ಅವಳೇ ಹಾಕಿಸಿದ ಆಳೆತ್ತರದ ಫಲಕವಿತ್ತು: 'ನಿಲ್ದಾಣ ಇಲ್ಲಿಗೆ ಸ್ಥಳಾಂತರಗೊಂಡಿದೆ.'

ಅಜ್ಜ ಅದನ್ನು ಓದಿ ನಕ್ಕ. "ಇಲ್ಲಿಗೆ ಬಂದವ್ರಿಗೇ ಇಲ್ಲಿಗೆ ಬನ್ನಿ ಅಂತ ಬರ್ದಿದಾರಲ್ಲ ತಾಯಿ, ಬಲೇ ಬುದ್ಧಿವಂತ್ರು."

ಬರೆಸಿದ್ದು ತಾನೇ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಳೆ ನಿಲ್ದಾಣದ ಕಂಬಕ್ಕೆ ಒಂದು ಹಾಳೆ ಅಂಟಿಸಿದಳು: 'ಇಲ್ಲಿ ಬಸ್ ನಿಲ್ಲುವುದಿಲ್ಲ. ಅಂಚೆ ಕಚೇರಿ ಬಳಿ ನಿಲ್ಲುತ್ತದೆ. ನಾಲ್ಕು ನಿಮಿಷದ ನಡಿಗೆ.' ಕೆಳಗೊಂದು ಬಾಣದ ಗುರುತು. ಅಂದು ಸಂಜೆ ಅದೇ ಹೊತ್ತಿನಲ್ಲಿ ಹಾಳೆ ಓದಿದ ಮೇಲೂ ನಿಂತವರು ಎಂಟೇ ಮಂದಿ.

ಅರವತ್ಮೂರರ ಸುದ್ದಿಯನ್ನು ಸಭೆಯಲ್ಲಿ ಎತ್ತಲೇಬೇಡಿ, ಏಜೆನ್ಸಿಯವರಿಗೆ ನಾವೇ ಬಾಗಿಲು ತೆರೆದಂತಾಗುತ್ತದೆ ಎಂದು ಫೋಟೋಗ್ರಾಫರ್ ಗೋಗರೆದ. ಅವನ ಕೆಲಸವೂ ಆ ಸಭೆಯ ಮೇಲೇ ನಿಂತಿತ್ತು. ಅವಳು ಎರಡು ದಿನ ಹಿಂದುಮುಂದು ನೋಡಿದಳು. ಭಾನುವಾರ ಸಂಜೆ ವರದಿಯನ್ನು ಒಂದೇ ಪುಟಕ್ಕೆ ಇಳಿಸಿ, ಅರವತ್ಮೂರನ್ನು ಮೊದಲ ಸಾಲಿನಲ್ಲಿಟ್ಟಳು.

ಸಭೆಯಲ್ಲಿ ಹಣಕಾಸು ಮುಖ್ಯಸ್ಥರು ಕಡತವನ್ನು ಕೈಯಲ್ಲಿ ತೂಗಿ ನೋಡಿದರು. "ಹಾಗಾದ್ರೆ ಈ ನಾನೂರ ಹನ್ನೆರಡು ಸೆಂಟಿಮೀಟರ್ ಏನಾಯ್ತಮ್ಮಾ?"

"ಅಷ್ಟುದ್ದ ಸುದ್ದಿ ಬಂತು ಸರ್. ಜನ ಬರ್ಲಿಲ್ಲ."

ಅಧ್ಯಕ್ಷೆ ಏಜೆನ್ಸಿಯ ಪ್ರಸ್ತಾವವನ್ನು ಮೊದಲಿಂದ ಕೊನೆವರೆಗೆ ಮಗುಚಿದರು. ತಪ್ಪು ಜಾಗದಲ್ಲಿ ನಿಂತವರನ್ನು ಎಣಿಸುವ ಮಾತು ಇದರಲ್ಲಿ ಎಲ್ಲೂ ಇಲ್ಲವಲ್ಲ ಎಂದು ಅದನ್ನು ಬದಿಗಿಟ್ಟರು. ವಿಭಾಗ ಉಳಿಯಿತು, ಇನ್ನು ಪ್ರತಿ ಪ್ರಕಟಣೆಯ ನಂತರವೂ ಸ್ಥಳಕ್ಕೇ ಹೋಗಿ ಎಣಿಸಬೇಕೆಂಬ ಷರತ್ತಿನ ಮೇಲೆ. ಸಭೆ ಮುಗಿಯುವುದನ್ನೇ ಕಾಯುತ್ತಿದ್ದ ಫೋಟೋಗ್ರಾಫರ್ ಅವಳ ಮುಖ ನೋಡಿಯೇ ಉಸಿರು ಬಿಟ್ಟ.

ಮಂಗಳವಾರ ಸಂಜೆ ಹಳೆ ನಿಲ್ದಾಣದಲ್ಲಿ ಉಳಿದಿದ್ದವನು ಒಬ್ಬನೇ, ಹೆಲ್ಮೆಟ್ ಹಿಡಿದ ಒಬ್ಬ ವೆಲ್ಡರ್. ಗಾಡಿ ಕೆಟ್ಟಿದೆಯಂತೆ. ಹಾಳೆ ಓದಿದಿರಾ ಎಂದು ಕೇಳಿದಳು.

"ಓದ್ದೆ. ಯಾರೋ ಕೆಲಸ ಇಲ್ದೋರು ಅಂಟ್ಸಿರ್ಬೇಕು. ಕಂಪನಿ ಮೊಹರೇ ಇಲ್ವಲ್ಲ."

ಅವಳು ನೋಡಿದಳು. ನಿಜ, ಮೊಹರು ಇರಲಿಲ್ಲ. ಅಂಟಿಸಿದ್ದು ತಾನೇ ಎಂದು ಈ ಸಲ ಒಪ್ಪಿಕೊಂಡು, ಕೊರಳಿನ ಗುರುತುಚೀಟಿ ತೋರಿಸಿದಳು. ಅವನು ಚೀಟಿಯನ್ನೂ ಅವಳನ್ನೂ ಒಮ್ಮೆ ನೋಡಿ, ಹಾಗಾದರೆ ಸರಿ ಎಂದು ಅಂಚೆ ಕಚೇರಿಯತ್ತ ಹೆಜ್ಜೆ ಹಾಕಿದ. ಅವಳು ನೋಟುಪುಸ್ತಕ ತೆರೆದು 'ಒಬ್ಬ' ಎಂದು ಬರೆದಳು. ಪಕ್ಕದಲ್ಲಿ 'ಮೊಹರು' ಎಂದು ಬರೆದು ಅಡಿಗೆರೆ ಎಳೆದಳು.